ಪರಸ್ಥಳದ ಮೊದಲ ಮಾತು

ಹೊಸ ಊರಿಗೆ ಹೋದವರಿಗೆ ಆ ಊರಿನ ಪರವಾಗಿ ಮೊದಲು ಎದುರಾಗುವವನು ಟ್ಯಾಕ್ಸಿ ಚಾಲಕ. ಅವನೊಡನೆ ಆಡುವ ಮೊದಲ ಮಾತು ಬಾಡಿಗೆಯದು. ನಮ್ಮ ಪ್ರವಾಸಕಥನಗಳು ಅರಮನೆಗಳಿಗೆ, ವಸ್ತುಸಂಗ್ರಹಾಲಯಗಳಿಗೆ, ಹಿಮಶಿಖರಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿವೆ. ಈ ಮಾತಿಗೆ ಕೊಟ್ಟದ್ದು ಬಹಳ ಕಡಿಮೆ. ಕೊಟ್ಟಲ್ಲಿಯೂ ಅದು ಒಂದು ನಗೆಹನಿಯಾಗಿಯೋ, ‘ಅಲ್ಲಿಯ ಟ್ಯಾಕ್ಸಿಯವರ ಬಗ್ಗೆ ಎಚ್ಚರವಿರಲಿ’ ಎಂಬ ಸೂಚನೆಯಾಗಿಯೋ ಮುಗಿದುಹೋಗುತ್ತದೆ. ವಿಮಾನ ನಿಲ್ದಾಣದ ಬಾಗಿಲಿನಿಂದ ತಂಗುವ ಮನೆಯವರೆಗಿನ ಆ ದಾರಿಯಲ್ಲಿ, ಒಂದು ಊರು ತನ್ನನ್ನು ಅರಿಯದವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಗೊತ್ತಾಗುತ್ತದೆ. ಇಷ್ಟು ಕಾಲ ನಾವು ಅಲ್ಲಿ ಚಾಲಕನ ಶೀಲವನ್ನಷ್ಟೇ ಅಳೆಯುತ್ತ ಬಂದಿದ್ದೇವೆ. ಅಳೆಯಬೇಕಾದದ್ದು ಊರಿನ ವ್ಯವಸ್ಥೆಯನ್ನು ಎಂಬುದು ಈ ಬರಹದ ವಾದ.

ಉದಾಹರಣೆಗೆ ಲೋಣಾವಳಾವನ್ನು ತೆಗೆದುಕೊಳ್ಳುತ್ತೇನೆ. ಪುಣೆ ಜಿಲ್ಲೆಯ ಈ ಗಿರಿಪಟ್ಟಣ ಭೋರ್ ಘಾಟಿನ ನೆತ್ತಿಯಲ್ಲಿದೆ. 1863ರಲ್ಲಿ ಘಾಟಿನ ರೈಲುಮಾರ್ಗ ತೆರೆದಾಗ ಮುಂಬಯಿಗೂ ದಖ್ಖನಿಗೂ ನಡುವಿನ ದೊಡ್ಡ ತಡೆಯೊಂದು ನೀಗಿತು. ಲೋಣಾವಳಾ ಬೆಳೆದದ್ದು ಆ ಹಳಿಗಳ ಆಸರೆಯಲ್ಲಿ. ಈಗ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ ಹೆದ್ದಾರಿ ಊರಿನ ಮಗ್ಗುಲಲ್ಲೇ ಹಾಯ್ದುಹೋಗುತ್ತದೆ. ಊರಿಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ಪೂರ್ವಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ ಪುಣೆಯ ಲೋಹಗಾಂವ್ ನಿಲ್ದಾಣ, ಪಶ್ಚಿಮಕ್ಕೆ ಸುಮಾರು 85 ಕಿ.ಮೀ. ದೂರದಲ್ಲಿ ಮುಂಬಯಿಯ ನಿಲ್ದಾಣ. ಇವೆರಡರ ಜೊತೆಗೆ, 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡು ಡಿಸೆಂಬರ್‌ ಕೊನೆಯಲ್ಲಿ ಸಂಚಾರ ಆರಂಭಿಸಿದ ನವಿ ಮುಂಬಯಿ ನಿಲ್ದಾಣವೂ ಸೇರಿಕೊಂಡಿದೆ. ಎಲ್ಲಿ ಇಳಿದರೂ ಲೋಣಾವಳಾ ಎಂದರೆ ಒಂದು ನಗರದೊಳಗಿನ ಸಣ್ಣ ಸವಾರಿಯಲ್ಲ; ಘಾಟು, ಸುಂಕದ ಕಟ್ಟೆ, ಹಿಂದಿರುಗುವ ಖಾಲಿ ಗಾಡಿ ಇವೆಲ್ಲವನ್ನೂ ಒಳಗೊಂಡ ಪ್ರಯಾಣ. ಆದ್ದರಿಂದಲೇ ಬಾಡಿಗೆಯ ಪ್ರಶ್ನೆಯ ಎಲ್ಲ ಎಳೆಗಳೂ ಇಲ್ಲಿ ಬಿಚ್ಚಿಕೊಂಡು ಕಾಣುತ್ತವೆ.

ಕನ್ನಡಿಗರು ಅಲ್ಲಿಗೆ ಹೋಗುವುದು ಚಿಕ್ಕಿ ಕೊಳ್ಳಲು, ಮಳೆ ನೋಡಲು ಮಾತ್ರವಲ್ಲ. ಸ್ವಾಮಿ ಕುವಲಯಾನಂದರು 1924ರಲ್ಲಿ ಸ್ಥಾಪಿಸಿದ ಕೈವಲ್ಯಧಾಮ ಅಲ್ಲಿದೆ. ಯೋಗದ ಅಧ್ಯಯನಕ್ಕೂ ಚಿಕಿತ್ಸೆಗೂ ದೂರದೂರದವರು ಅಲ್ಲಿಗೆ ಬರುತ್ತಾರೆ. ನೌಕಾಪಡೆಯ ಎಂಜಿನಿಯರುಗಳು ತರಬೇತಿ ಪಡೆಯುವ ಐಎನ್‌ಎಸ್ ಶಿವಾಜಿ ಅಲ್ಲಿದೆ. ಮಗನನ್ನೋ ಮಗಳನ್ನೋ ನೋಡಲು ತಂದೆತಾಯಿಗಳು ಬರುತ್ತಾರೆ. ಅರವತ್ತೈದು ದಾಟಿದ, ಮಂಡಿನೋವಿನ, ಕನ್ನಡ ಮತ್ತು ಒಂದಿಷ್ಟು ಹರಕು ಹಿಂದಿ ಬಲ್ಲ ದಂಪತಿಗಳನ್ನು ಕಲ್ಪಿಸಿಕೊಳ್ಳೋಣ. ಬೆಂಗಳೂರಿನಿಂದ ಹೊರಟ ಅವರ ವಿಮಾನ ತಡವಾಗಿ, ರಾತ್ರಿ ಹತ್ತರ ಹೊತ್ತಿಗೆ ಪುಣೆಯಲ್ಲಿ ಇಳಿದಿದೆ. ಕೈಯಲ್ಲಿ ಎರಡು ಪೆಟ್ಟಿಗೆ. ಹೊರಗೆ ಬಂದೊಡನೆ ಅವರ ಕಿವಿಗೆ ಮೂರು ಬೆಲೆಗಳು ಬೀಳುತ್ತವೆ: ಕೌಂಟರಿನವನು ಹೇಳಿದ್ದು ಒಂದು, ಮೊಬೈಲಿನ ಆ್ಯಪ್ ತೋರಿಸಿದ್ದು ಇನ್ನೊಂದು, ಪಕ್ಕಕ್ಕೆ ಬಂದು ಪೆಟ್ಟಿಗೆಗೆ ಕೈಹಾಕುತ್ತ ಪಿಸುಮಾತಿನಲ್ಲಿ ಹೇಳಿದವನದು ಮತ್ತೊಂದು. ಮೂರರ ನಡುವೆ ಅಂತರ ದೊಡ್ಡದು. ಆ ಕ್ಷಣದಲ್ಲಿ ಅವರಿಗಾಗುವುದು ಹಣದ ಚಿಂತೆಗಿಂತ ಹೆಚ್ಚಾಗಿ ಅಪಮಾನದ ಭಯ. ತಾವು ಮೋಸಹೋಗುತ್ತಿದ್ದೇವೆಯೇ ಇಲ್ಲವೇ ಎಂಬುದನ್ನು ತಿಳಿಯುವ ದಾರಿಯೇ ಅವರಿಗಿಲ್ಲ.

ಸೋಜಿಗವೆಂದರೆ ಆ ಮೂರು ಬೆಲೆಗಳಲ್ಲಿ ಯಾವುದೂ ಸುಳ್ಳಾಗಿರಬೇಕಿಲ್ಲ. ಒಬ್ಬನ ಲೆಕ್ಕದಲ್ಲಿ ಸುಂಕ ಸೇರಿದೆ, ಇನ್ನೊಬ್ಬನದರಲ್ಲಿ ಇಲ್ಲ. ಒಬ್ಬ ಹಿಂದಿರುಗುವ ದಾರಿಯ ಖರ್ಚನ್ನೂ ಹಿಡಿದಿದ್ದಾನೆ, ಇನ್ನೊಬ್ಬ ಲೋಣಾವಳಾದಲ್ಲಿ ಮರಳಿ ಗಿರಾಕಿ ಸಿಕ್ಕೀತೆಂಬ ಆಸೆಯ ಮೇಲೆ ಹೇಳಿದ್ದಾನೆ. ಆ್ಯಪ್ ಆ ನಿಮಿಷದ ಬೇಡಿಕೆ ನೋಡಿ ಹೇಳುತ್ತದೆ. ಹತ್ತು ನಿಮಿಷ ಬಿಟ್ಟು ಕೇಳಿದರೆ ಬೇರೆ ಹೇಳುತ್ತದೆ. ಮೂವರೂ ಬೆಲೆ ಹೇಳುತ್ತಾರೆ, ಬೆಲೆಯೊಳಗೆ ಏನಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಾವು ಸಾಮಾನ್ಯವಾಗಿ ಮೋಸ ಎಂದು ಕರೆಯುವುದರ ಬಹುಪಾಲು ಈ ಹೇಳದೇ ಉಳಿದ ಭಾಗದಲ್ಲಿ ಹುಟ್ಟುತ್ತದೆ. ಗಾಡಿ ತಳೇಗಾಂವದ ಸುಂಕದ ಕಟ್ಟೆಗೆ ಬಂದಾಗ ‘ಟೋಲ್ ನಿಮ್ಮದು’ ಎಂಬ ಮಾತು ಬರುತ್ತದೆ. ಇಳಿಯುವಾಗ ‘ಪಾರ್ಕಿಂಗ್ ಬೇರೆ’ ಎಂಬ ಮಾತು ಬರುತ್ತದೆ. ಅಲ್ಲಿಗೆ ಇಬ್ಬರ ಮನಸ್ಸೂ ಕೆಡುತ್ತದೆ.

ಚಾಲಕನ ಕಡೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ಪುಣೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ 2024ರ ಜನವರಿಯಿಂದ ಹವಾನಿಯಂತ್ರಿತ ಟ್ಯಾಕ್ಸಿಗೆ ಮೊದಲ 1.5 ಕಿ.ಮೀ.ಗೆ 37 ರೂಪಾಯಿ, ಅನಂತರ ಪ್ರತಿ ಕಿ.ಮೀ.ಗೆ 25 ರೂಪಾಯಿ ಎಂದು ದರ ನಿಗದಿ ಮಾಡಿತು. ನಗರದ ಈ ದರವನ್ನೇ ಲೋಣಾವಳಾದವರೆಗೆ ಎಳೆದು 70 ಕಿ.ಮೀ.ಗೆ ಗುಣಿಸಿದರೆ ಸುಮಾರು 1,750 ರೂಪಾಯಿ ಆಗುತ್ತದೆ. ಆದರೆ ಗಾಡಿ ಓಡುವುದು 70 ಕಿ.ಮೀ. ಅಲ್ಲ, 140. ಮರಳುವಾಗ ಯಾರೂ ಹತ್ತದಿದ್ದರೆ ಕಿಲೋಮೀಟರಿಗೆ ಅವನ ಕೈಗೆ ಬಂದದ್ದು 25ರ ಅರ್ಧ, ಹನ್ನೆರಡೂವರೆ. ಅದರಲ್ಲಿ ಇಂಧನ, ಗಾಡಿಯ ಸಾಲದ ಕಂತು, ವಿಮೆ, ಟೈರು, ಆ್ಯಪ್ ಮೂಲಕ ಬಂದ ಗಿರಾಕಿಯಾದರೆ ಕಂಪನಿಯ ಪಾಲು ಎಲ್ಲವೂ ಕಳೆಯಬೇಕು. ಸುಂಕವೂ ಎರಡು ಬಾರಿ ಬೀಳುತ್ತದೆ. ಎಕ್ಸ್‌ಪ್ರೆಸ್‌ ಹೆದ್ದಾರಿಯ ಪೂರ್ತಿ ದಾರಿಗೆ ಕಾರಿನ ಸುಂಕ 2023ರ ಏಪ್ರಿಲ್‌ನಲ್ಲಿ 270ರಿಂದ 320 ರೂಪಾಯಿಗೆ ಏರಿತ್ತು. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಲೋಣಾವಳಾದ ದಾರಿಯಲ್ಲಿ ಗಾಡಿಗಳು ಗಂಟೆಗಟ್ಟಲೆ ನಿಂತುಬಿಡುತ್ತವೆ. ಆ ಗಂಟೆಗಳಿಗೆ ಯಾವ ಪಟ್ಟಿಯಲ್ಲೂ ಬೆಲೆಯಿಲ್ಲ. ಇವೆಲ್ಲವನ್ನು ತನ್ನ ತಲೆಯಲ್ಲೇ ಕೂಡಿಸಿ ಅವನೊಂದು ಮೊತ್ತ ಹೇಳುತ್ತಾನೆ. ಕೇಳುವವರಿಗೆ ಮೊತ್ತ ಮಾತ್ರ ಕೇಳಿಸುತ್ತದೆ, ಕೂಡಿಸಿದ್ದು ಕೇಳಿಸುವುದಿಲ್ಲ.

ಚೌಕಾಶಿ ಮಾಡಿಕೊಳ್ಳಲಿ, ಇಬ್ಬರೂ ಒಪ್ಪಿದ್ದೇ ನ್ಯಾಯವಾದ ಬೆಲೆ ಎಂದು ವಾದಿಸುವವರಿದ್ದಾರೆ. ಚೌಕಾಶಿಯನ್ನು ನಾನು ಹಳಿಯುವುದಿಲ್ಲ. ನಮ್ಮ ಸಂತೆಗಳಲ್ಲಿ ಅದಕ್ಕೊಂದು ಮರ್ಯಾದೆಯಿದೆ, ಒಂದು ಲಯವೂ ಇದೆ. ಆದರೆ ಅದು ನ್ಯಾಯವಾಗಿ ನಡೆಯಲು ಮೂರು ಸಂಗತಿಗಳು ಬೇಕು. ಕೊಳ್ಳುವವಳಿಗೆ ಸರಕಿನ ಸುಮಾರು ಬೆಲೆ ಗೊತ್ತಿರಬೇಕು. ಒಪ್ಪಿಗೆಯಾಗದಿದ್ದರೆ ಪಕ್ಕದ ಗುಡ್ಡೆಗೆ ಹೋಗುವ ಅವಕಾಶವಿರಬೇಕು. ಮುಂದಿನ ವಾರವೂ ಇಬ್ಬರೂ ಅದೇ ಸಂತೆಗೆ ಬರುವವರಾಗಿರಬೇಕು. ಮತ್ತೆ ಮುಖ ನೋಡಬೇಕಾದ ಕಾರಣ ಇಬ್ಬರೂ ಒಂದು ಮಿತಿಯಲ್ಲಿರುತ್ತಾರೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಈ ಮೂರೂ ಇಲ್ಲ. ಬಂದವರಿಗೆ ಬೆಲೆ ಗೊತ್ತಿಲ್ಲ, ರಾತ್ರಿಯಲ್ಲಿ ಬೇರೆ ದಾರಿಯಿಲ್ಲ, ಅದೇ ಚಾಲಕ ಮತ್ತೆ ಸಿಗುವ ಸಂಭವವೂ ಇಲ್ಲ. ಇಂಥಲ್ಲಿ ನಡೆಯುವ ಚೌಕಾಶಿಯಲ್ಲಿ ಒಬ್ಬರ ಅವಸರದ ಮೇಲೆ ಇನ್ನೊಬ್ಬರ ಹಿಡಿತವಷ್ಟೇ ಉಳಿದಿರುತ್ತದೆ.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ವಿಮಾನ ಅವರಿಗಿರಲಿಲ್ಲ, ಆದರೆ ಹೊಳೆಯಿತ್ತು, ದೋಣಿಯಿತ್ತು. ದಡದಲ್ಲಿ ನಿಂತ ಪ್ರಯಾಣಿಕ ಮತ್ತು ಅಂಬಿಗ, ಇವರಿಬ್ಬರ ಸಂಬಂಧ ಇಂದಿನ ಪ್ರಯಾಣಿಕ ಮತ್ತು ಚಾಲಕರ ಸಂಬಂಧವೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೌಕಾಧ್ಯಕ್ಷನ ಕೆಲಸವನ್ನು ವಿವರಿಸುವ ಅಧ್ಯಾಯ ಈ ಬಾಡಿಗೆಯನ್ನು ಅಂಬಿಗನ ಬಾಯಿಗೆ ಬಿಟ್ಟಿಲ್ಲ. ಹೊರೆ ಹೊತ್ತ ಮನುಷ್ಯನಿಗೆ ಒಂದು ಮಾಷ, ತಲೆಹೊರೆಗೂ ದನಕ್ಕೂ ಕುದುರೆಗೂ ಎರಡು ಎಂಬಂತೆ ಪಟ್ಟಿ ಹಾಕಿಕೊಡುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲೂ ಇಂಥದೇ ದರಪಟ್ಟಿಯಿದೆ. ದೂರದ ದಾರಿಗೆ ದೇಶಕಾಲಗಳಿಗೆ ತಕ್ಕಂತೆ ಬಾಡಿಗೆ ಎಂದು ಹೇಳಿ, ಈ ನಿಯಮ ನದಿಗೆ ಮಾತ್ರ, ಸಮುದ್ರಕ್ಕೆ ಅನ್ವಯಿಸುವುದಿಲ್ಲ ಎಂದು ತನ್ನ ಮಿತಿಯನ್ನೂ ಅದು ಸೇರಿಸುತ್ತದೆ. ಅಂಬಿಗರ ತಪ್ಪಿನಿಂದ ಸರಕು ಹಾಳಾದರೆ ಅವರೇ ತುಂಬಿಕೊಡಬೇಕು, ದೈವವಶದಿಂದಾದರೆ ಅವರಿಗೆ ದಂಡವಿಲ್ಲ ಎಂದೂ ಹೇಳುತ್ತದೆ. ಆ ಪಟ್ಟಿಯಲ್ಲಿ ಯಾರಿಗೆ ವಿನಾಯಿತಿ ಎಂಬಲ್ಲಿ ವರ್ಣದ ತಾರತಮ್ಯ ನುಸುಳಿದೆ, ಅದನ್ನು ಒಪ್ಪಬೇಕಾಗಿಲ್ಲ. ಆದರೆ ದಡದಲ್ಲಿ ನಿಂತವನ ಅಸಹಾಯಕತೆಯನ್ನು ಬೆಲೆಯ ಅಳತೆಗೋಲಾಗಿಸಬಾರದು ಎಂಬ ತಿಳಿವಳಿಕೆ ಅದರ ಹಿಂದಿದೆ.

ಅಂಬಿಗನನ್ನೂ ಸುಂಕದವನನ್ನೂ ಕೀಳೆಂದು ಕಾಣದ ಪರಂಪರೆಯೂ ನಮಗಿದೆ. ಹನ್ನೆರಡನೆಯ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯ, ಸುಂಕದ ಬಂಕಣ್ಣ ಇಬ್ಬರೂ ತಮ್ಮ ಕಾಯಕದ ಹೆಸರನ್ನೇ ಹೊತ್ತು ವಚನಕಾರರಾಗಿ ನಿಂತರು. ದಾಟಿಸುವವನ ಕೆಲಸಕ್ಕೆ ಗೌರವವಿದೆ, ಆ ಕೆಲಸಕ್ಕೆ ನಿಯತ್ತೂ ಇರಬೇಕು ಎಂಬ ಎರಡು ಮಾತುಗಳನ್ನು ಅವರು ಒಟ್ಟಿಗೆ ಹಿಡಿದಿದ್ದರು. ನಾವು ಇವತ್ತು ಅವುಗಳನ್ನು ಬೇರ್ಪಡಿಸಿಬಿಟ್ಟಿದ್ದೇವೆ. ಚಾಲಕನನ್ನು ಅನುಮಾನಿಸುವವರು ಅವನ ಲೆಕ್ಕ ಕೇಳುವುದಿಲ್ಲ, ಅವನ ಪರ ವಹಿಸುವವರು ಅವನಿಂದ ರಸೀದಿ ಕೇಳುವುದಿಲ್ಲ.

ಹೊರಜಗತ್ತಿನಲ್ಲಿ ಈ ಗಂಟನ್ನು ಬಿಡಿಸಿಕೊಂಡ ಊರುಗಳಿವೆ. ನ್ಯೂಯಾರ್ಕಿನ ಕೆನೆಡಿ ವಿಮಾನ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ 1996ರಿಂದಲೂ ಹಳದಿ ಟ್ಯಾಕ್ಸಿಗೆ ನಿಗದಿತ ಬಾಡಿಗೆಯಿದೆ. ಆಗ 30 ಡಾಲರ್ ಇದ್ದದ್ದು 2022ರ ಡಿಸೆಂಬರಿನಲ್ಲಿ 70ಕ್ಕೆ ಏರಿತು. ಸುಂಕ ಮೊದಲಾದವು ಪ್ರತ್ಯೇಕ ಎಂಬುದನ್ನೂ ಮೊದಲೇ ಹೇಳಿರುತ್ತಾರೆ. ಪ್ಯಾರಿಸ್ 2016ರ ಮಾರ್ಚಿನಲ್ಲಿ ಇದೇ ದಾರಿ ಹಿಡಿಯಿತು. ಚಾರ್ಲ್ಸ್ ಡಿ ಗಾಲ್ ನಿಲ್ದಾಣದಿಂದ ಸೆನ್ ನದಿಯ ಬಲದಂಡೆಗೆ 50 ಯೂರೊ, ಎಡದಂಡೆಗೆ 55 ಯೂರೊ ಎಂದು ಆಗ ಗೊತ್ತುಮಾಡಿದರು. ಬಳಿಕ ಅದನ್ನು ಏರಿಸುತ್ತ ಬಂದರು. ದಟ್ಟಣೆಯಿರಲಿ ಇಲ್ಲದಿರಲಿ ಅಷ್ಟೇ. ಇಲ್ಲಿ ಗಮನಿಸಬೇಕಾದದ್ದು ಮೊತ್ತ ಕಡಿಮೆ ಎಂಬುದನ್ನಲ್ಲ, ಅದು ಕಡಿಮೆಯೂ ಅಲ್ಲ. ಆ ಊರನ್ನು ಎಂದೂ ನೋಡದ ಒಬ್ಬಳು ಹೆಂಗಸು ಅಲ್ಲಿಯೇ ಹುಟ್ಟಿ ಬೆಳೆದವನಷ್ಟೇ ಬೆಲೆ ಕೊಡುತ್ತಾಳೆ, ಅಷ್ಟೇ ಎಂಬುದು ಅವಳಿಗೆ ಗೊತ್ತಿರುತ್ತದೆ. ಅವಳು ಗಾಡಿಯಲ್ಲಿ ನೆಮ್ಮದಿಯಿಂದ ಕಿಟಕಿಯಾಚೆ ನೋಡಬಹುದು. ಚಾಲಕನೂ ಸುತ್ತುದಾರಿ ಹಿಡಿಯುವುದಿಲ್ಲ, ಏಕೆಂದರೆ ಅದರಿಂದ ನಷ್ಟ ಅವನಿಗೇ.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 67ನೆಯ ಕಲಮು ಬಾಡಿಗೆಯ ಬಗ್ಗೆ ನಿರ್ದೇಶನ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ಕರ್ನಾಟಕ ಸರ್ಕಾರ 2024ರ ಆರಂಭದಲ್ಲಿ ನಗರ ಟ್ಯಾಕ್ಸಿಗೂ ಆ್ಯಪ್ ಟ್ಯಾಕ್ಸಿಗೂ ಒಂದೇ ದರ ಎಂದು ಆದೇಶ ಹೊರಡಿಸಿತು: ಹತ್ತು ಲಕ್ಷ ರೂಪಾಯಿವರೆಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಮುಂದೆ ಕಿ.ಮೀ.ಗೆ 24. ಪುಣೆಯ ದರವನ್ನು ಮೇಲೆ ಹೇಳಿದೆ. ಆ ದರವನ್ನು ಆ್ಯಪ್ ಕಂಪನಿಗಳು ಪಾಲಿಸುತ್ತಿಲ್ಲವೆಂದು ಪುಣೆಯ ಚಾಲಕರೇ ಬೀದಿಗಿಳಿದರು. ಪ್ರಯಾಣಿಕರು ಹೆಚ್ಚು ತೆತ್ತೆವೆಂದು ದೂರುವ ಊರಿನಲ್ಲೇ ಚಾಲಕರು ಕಡಿಮೆ ಸಿಕ್ಕಿತೆಂದು ದೂರಿದರು; ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ. ಕೇಂದ್ರದ 2025ರ ಮಾರ್ಗಸೂಚಿಯಂತೂ ಮೂಲದರದ ಅರ್ಧದಿಂದ ಹಿಡಿದು ಎರಡರಷ್ಟರವರೆಗೆ ಬೆಲೆ ಆಡಲು ಆ್ಯಪ್‌ಗಳಿಗೆ ಅವಕಾಶ ಕೊಟ್ಟಿದೆ. ಸಾವಿರವೂ ಸರಿ, ನಾಲ್ಕು ಸಾವಿರವೂ ಸರಿ ಎನ್ನುವ ನಿಯಮದಲ್ಲಿ ಅಪರಿಚಿತನಿಗೆ ಸಿಗುವ ರಕ್ಷಣೆ ಎಷ್ಟು?

ಆ್ಯಪ್ ಬಂದು ಉಪಕಾರವಾಗಿಲ್ಲವೆಂದು ನಾನು ಹೇಳುವುದಿಲ್ಲ. ಭಾಷೆ ಬಾರದವರಿಗೆ ದಾರಿ ಹೇಳಬೇಕಾದ ಕಷ್ಟ ತಪ್ಪಿತು. ಗಾಡಿಯ ಸಂಖ್ಯೆ, ಚಾಲಕನ ಹೆಸರು ಮನೆಯವರಿಗೂ ತಿಳಿಯುವಂತಾಯಿತು. ಒಂಟಿಯಾಗಿ ಬರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ. ಆದರೆ ಆ್ಯಪ್ ಇರುವುದು ಅದನ್ನು ಬಳಸಬಲ್ಲವರಿಗೆ. ಪುಣೆಯ ನಿಲ್ದಾಣದಲ್ಲಿ ಆ್ಯಪ್ ಟ್ಯಾಕ್ಸಿ ಹಿಡಿಯಲು ಏರೋಮಾಲ್ ಎಂಬ ವಾಹನ ನಿಲುಗಡೆಯ ಬಹುಮಹಡಿ ಕಟ್ಟಡಕ್ಕೆ ಹೋಗಬೇಕು. ಪೆಟ್ಟಿಗೆ ಎಳೆದುಕೊಂಡು ಅಲ್ಲಿಗೆ ಹೋಗಿ, ಸರಿಯಾದ ಮಹಡಿ ಹುಡುಕಿ, ಫೋನಿನಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಚಾಲಕನಿಗೆ ತಾನಿರುವ ಜಾಗ ವಿವರಿಸಿ ಮುಗಿಸುವಷ್ಟರಲ್ಲಿ ನಾವು ಕಲ್ಪಿಸಿಕೊಂಡ ಆ ಮಂಡಿನೋವಿನ ದಂಪತಿಗಳು ಸೋತುಹೋಗಿರುತ್ತಾರೆ. ಪಿಸುಮಾತಿನವನು ಗೆಲ್ಲುವುದು ಇಲ್ಲಿಯೇ. ಅವನ ಗಾಡಿ ಹತ್ತಿರದಲ್ಲಿದೆ, ಅವನು ಪೆಟ್ಟಿಗೆ ಎತ್ತಿಕೊಳ್ಳುತ್ತಾನೆ.

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ದರ ನಿಗದಿ ಮಾಡಿದರೆ ಅದು ಸ್ಥಳೀಯ ಟ್ಯಾಕ್ಸಿ ಸಂಘಗಳ ಏಕಸ್ವಾಮ್ಯಕ್ಕೆ ದಾರಿಯಾಗುತ್ತದೆ ಎಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿದೆ. ಪ್ರವಾಸಿ ಊರುಗಳಲ್ಲಿ ಸ್ಥಳೀಯ ಚಾಲಕರು ಹೊರಗಿನ ಗಾಡಿ ತಮ್ಮ ಊರಿನಿಂದ ಗಿರಾಕಿ ಹತ್ತಿಸಿಕೊಳ್ಳಬಾರದೆಂದು ತಡೆಯುವುದು ಹೊಸತಲ್ಲ. ಗೋವಾದಲ್ಲಿ ಆ್ಯಪ್ ಟ್ಯಾಕ್ಸಿಗೂ ಸ್ಥಳೀಯರಿಗೂ ವರ್ಷಗಟ್ಟಲೆ ಜಗಳ ನಡೆದದ್ದು ಎಲ್ಲರಿಗೂ ಗೊತ್ತು. ಸ್ಥಳೀಯರ ಅಳಲು ಸುಳ್ಳಲ್ಲ. ಅವರ ಹೊಟ್ಟೆಪಾಡು ವರ್ಷದ ಕೆಲವು ತಿಂಗಳುಗಳ ಮೇಲೆ ನಿಂತಿದೆ. ಆದರೆ ಈ ತಡೆಯ ಬೆಲೆಯನ್ನು ತೆರುವವರು ಯಾರು? ಪುಣೆಯಿಂದ ಲೋಣಾವಳಾಕ್ಕೆ ಬಂದ ಗಾಡಿ ಖಾಲಿ ಮರಳುತ್ತದೆ, ಲೋಣಾವಳಾದಿಂದ ಪುಣೆಗೆ ಹೋದ ಗಾಡಿಯೂ ಖಾಲಿ ಮರಳುತ್ತದೆ. ಒಂದೇ ರಸ್ತೆಯಲ್ಲಿ ಎರಡು ಖಾಲಿ ಗಾಡಿಗಳು ಎದುರುಬದುರು ಹಾದುಹೋಗುತ್ತವೆ. ಎರಡರ ಇಂಧನವನ್ನೂ ಸುಂಕವನ್ನೂ ಪ್ರಯಾಣಿಕರೇ ತೆರುತ್ತಾರೆ. ಆದರೂ ಚಾಲಕರಿಬ್ಬರಿಗೂ ಅದರಿಂದ ಚಿಕ್ಕಾಸಿನ ಲಾಭವಿಲ್ಲ.

ಪರಿಹಾರ ಕಷ್ಟದ್ದಲ್ಲ. ಲೋಣಾವಳಾ ನಿಲ್ದಾಣದ ಬಳಿ ಸ್ಥಳೀಯ ಗಾಡಿಗಳ ಸಾಲಿನ ಪಕ್ಕದಲ್ಲೇ ಮರಳುವ ಗಾಡಿಗಳಿಗೆ ಒಂದು ಸರದಿ ಇರಲಿ. ಅವುಗಳಿಗೆ ಬಂದ ದಿಕ್ಕಿನ ಗಿರಾಕಿ ಮಾತ್ರ, ಊರೊಳಗಿನ ಸವಾರಿ ಪೂರ್ತಿ ಸ್ಥಳೀಯರಿಗೇ. ಮರಳುವ ಸವಾರಿಯ ಬಾಡಿಗೆಯಲ್ಲಿ ಒಂದು ಸಣ್ಣ ಪಾಲು ಸ್ಥಳೀಯ ಸಂಘದ ಕ್ಷೇಮನಿಧಿಗೆ ಹೋಗಲಿ. ಪುಣೆಯ ನಿಲ್ದಾಣದಲ್ಲೂ ಲೋಣಾವಳಾದ ಗಾಡಿಗಳಿಗೆ ಇದೇ ಹಕ್ಕು ಸಿಗಲಿ. ಖಾಲಿ ಓಡುವ ದೂರ ತಗ್ಗಿದಷ್ಟೂ ಬಾಡಿಗೆ ತಾನಾಗಿ ತಗ್ಗುತ್ತದೆ. ಚಾಲಕನ ಸಂಪಾದನೆಯನ್ನು ಕಸಿಯದೆ ಬೆಲೆ ಇಳಿಸಲು ನನಗೆ ಕಾಣುವ ನ್ಯಾಯವಾದ ದಾರಿ ಇದು.

ಬಸ್ಸು, ರೈಲುಗಳ ಮಾತನ್ನೂ ಇಲ್ಲಿ ಆಡಬೇಕು. ಟ್ಯಾಕ್ಸಿಯ ಬೆಲೆಯನ್ನು ಹದ್ದಿನಲ್ಲಿಡುವ ಅತ್ಯುತ್ತಮ ಸಾಧನ ಪಕ್ಕದಲ್ಲೇ ನಿಂತಿರುವ ಬಸ್ಸು. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 2008ರಲ್ಲಿ ಆರಂಭವಾದಾಗ ಊರಿಂದ ಅಷ್ಟು ದೂರ ಹೋಗಿಬರುವುದು ಹೇಗೆಂದು ಹೆದರಿದವರಿಗೆ ಬಿಎಂಟಿಸಿಯ ವಾಯುವಜ್ರ ಬಸ್ಸುಗಳು ಧೈರ್ಯ ಕೊಟ್ಟವು. 2013ರಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನಿಲ್ದಾಣದಿಂದ ನೇರ ಮೈಸೂರಿಗೆ ಹೋಗುತ್ತಿದೆ. ಅವುಗಳಲ್ಲಿ ಕೂರದವರಿಗೂ ಅವುಗಳಿಂದ ಉಪಕಾರವಿದೆ: ಟ್ಯಾಕ್ಸಿಯವನು ಕೇಳಿದ್ದು ಹೆಚ್ಚೆನಿಸಿದರೆ ಬಸ್ಸಿದೆ ಎಂಬ ಅರಿವೇ ಅವರ ಬಲ. ಲೋಣಾವಳಾಕ್ಕೆ ಪುಣೆಯಿಂದ ಲೋಕಲ್ ರೈಲುಗಳಿವೆ, ಮುಂಬಯಿಯಿಂದ ಎಕ್ಸ್‌ಪ್ರೆಸ್ ರೈಲುಗಳಿವೆ. ಹಗಲಲ್ಲಿ, ಹಗುರವಾದ ಚೀಲದೊಡನೆ ಬಂದವರಿಗೆ ಅವು ಟ್ಯಾಕ್ಸಿಯ ಬಾಡಿಗೆಯ ಒಂದು ಚೂರಿನಲ್ಲಿ ದಾರಿ ಮುಗಿಸಿಕೊಡುತ್ತವೆ. ಆದರೆ ಅದಕ್ಕೆ ಮೊದಲು ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಹೋಗಬೇಕು, ಪುಣೆಯಲ್ಲೂ ಮುಂಬಯಿಯಲ್ಲೂ. ಅಲ್ಲಿ ಮತ್ತೆ ಬಾಡಿಗೆಯ ಮಾತು.

ಭಾಷೆಯ ವಿಷಯ. ಮರಾಠಿಯಲ್ಲಿ ಬಾಡಿಗೆಗೆ ‘ಭಾಡೆ’ ಎನ್ನುತ್ತಾರೆ. ನಮ್ಮ ಬಾಡಿಗೆಯೂ ಅವರ ಭಾಡೆಯೂ ಒಂದೇ ಸಂಸ್ಕೃತ ಮೂಲದಿಂದ ಬಂದ ನುಡಿಗಳು. ಲೋಣಾವಳಾದ ಪೇಟೆಯ ನಡುವೆ ಹಾಯುವ ಹಳೆಯ ಹೆದ್ದಾರಿಯೂ ನಮಗೆ ಹೊರಗಿನದಲ್ಲ. ಇಂದು 48ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಳ್ಳುವ ಅದು ಪುಣೆ, ಸಾತಾರಾ, ಕೊಲ್ಹಾಪುರಗಳನ್ನು ಹಾದು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳ ಮೂಲಕ ಬೆಂಗಳೂರಿಗೆ ಬರುತ್ತದೆ. ಈ ರಸ್ತೆಯ ಎರಡು ತುದಿಗಳಲ್ಲೂ ಅಪರಿಚಿತರು ಇಳಿಯುತ್ತಾರೆ. ಪುಣೆಯಲ್ಲಿ ಇಳಿದ ಕನ್ನಡಿಗನ ಸಂಕಟವನ್ನು ಹೇಳುವಾಗ ದೇವನಹಳ್ಳಿಯಲ್ಲಿ ಇಳಿದ ಮರಾಠಿ ತಾಯಿಯೊಬ್ಬಳ ಸಂಕಟವನ್ನು ಮರೆಯುವುದು ನ್ಯಾಯವಲ್ಲ. ಬಂದವರು ನಾಲ್ಕು ಮಾತು ಸ್ಥಳೀಯ ನುಡಿಯಲ್ಲಿ ಆಡಲಿ ಎಂದು ನಿರೀಕ್ಷಿಸುವುದು ಸರಿಯೇ, ನಾವೂ ಮರಾಠಿ ನಾಡಿನಲ್ಲಿ ಅದನ್ನೇ ಮಾಡಬೇಕು. ಆದರೆ ನುಡಿ ಬಾರದಿರುವುದಕ್ಕೆ ದಂಡವಾಗಿ ಬಾಡಿಗೆ ಏರಬಾರದು. ಭಾಷಾಭಿಮಾನದ ಮಾತನ್ನು ಯಾರಾದರೂ ಬಾಡಿಗೆಯ ಜಗಳಕ್ಕೆ ಎಳೆದು ತಂದರೆ ಅದರಿಂದ ಭಾಷೆಗೆ ಗೌರವ ಬರುವುದಿಲ್ಲ.

ಲೋಣಾವಳಾದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕಾರ್ಲಾ ಗುಹೆಗಳಿವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಕೊಂಕಣದ ಬಂದರುಗಳಿಂದ ಘಟ್ಟವೇರಿ ದಖ್ಖನಿಗೆ ಹೋಗುವ ವ್ಯಾಪಾರದ ಹಾದಿ ಈ ಭಾಗದಲ್ಲಿತ್ತು. ಅಲ್ಲಿಯ ಮಹಾಚೈತ್ಯದ ಶಾಸನವೊಂದು ಆ ಶಿಲಾಗೃಹವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿನ ಕಂಬಗಳಲ್ಲಿ ಯವನರೆಂದು ಕರೆದುಕೊಂಡ ದಾನಿಗಳ ಹೆಸರುಗಳೂ ಇವೆ. ಅದೇ ಪುಣೆ ಜಿಲ್ಲೆಯ ಜುನ್ನರ್ ಬಳಿಯ ನಾಣೇಘಾಟಿನ ನೆತ್ತಿಯಲ್ಲಿ ಒಂದು ದೊಡ್ಡ ಕಲ್ಲಿನ ಕೊಪ್ಪರಿಗೆಯಿದೆ. ಘಟ್ಟವೇರಿ ಬಂದವರು ಸುಂಕವನ್ನು ಅದರಲ್ಲಿ ಹಾಕುತ್ತಿದ್ದರೆಂಬುದು ಪ್ರತೀತಿ. ಬನವಾಸಿಯ ವ್ಯಾಪಾರಿ, ಸಮುದ್ರದಾಚೆಯ ಯವನ ಇಬ್ಬರೂ ಈ ಘಟ್ಟಗಳಿಗೆ ಬಂದು, ದಾನ ಕೊಡುವಷ್ಟು ಆ ನೆಲದೊಡನೆ ಬೆರೆತುಕೊಂಡರು. ತೆರಬೇಕಾದದ್ದು ಎಷ್ಟೆಂದು ಗೊತ್ತಿರುವ ದಾರಿಯಲ್ಲೇ ದೂರದವರು ಮತ್ತೆಮತ್ತೆ ಬರುತ್ತಾರೆ. ಕಂಡವರೆಲ್ಲ ಕೈಯೊಡ್ಡಿದರೆ ಆ ದಾರಿ ಬೇಗ ಪಾಳುಬೀಳುತ್ತದೆ.

ಹಾಗಾದರೆ ಆಗಬೇಕಾದದ್ದೇನು? ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ, ಜಾಹೀರಾತುಗಳಷ್ಟೇ ದೊಡ್ಡ ಅಕ್ಷರಗಳಲ್ಲಿ ಒಂದು ಫಲಕವಿರಲಿ. ಸುತ್ತಲಿನ ಮುಖ್ಯ ಊರುಗಳಿಗೆ, ಪುಣೆಯಲ್ಲಾದರೆ ಲೋಣಾವಳಾಕ್ಕೂ, ಎಷ್ಟು ಬಾಡಿಗೆ ಎಂಬುದು ಅದರ ಮೇಲೆ ಕಾಣಲಿ. ಸುಂಕ, ನಿಲುಗಡೆಯ ಶುಲ್ಕ, ರಾತ್ರಿಯ ಹೆಚ್ಚುವರಿ, ಮರಳುವ ಖರ್ಚು ಇವು ಅದರಲ್ಲಿ ಸೇರಿವೆಯೇ ಇಲ್ಲವೇ ಎಂದು ಬಿಡಿಸಿ ಬರೆದಿರಲಿ. ಸ್ಥಳೀಯ ನುಡಿ, ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ನೆರೆರಾಜ್ಯದ ಒಂದು ನುಡಿಯಲ್ಲೂ ಇರಲಿ. ಪುಣೆಯಲ್ಲಿ ಕನ್ನಡ, ದೇವನಹಳ್ಳಿಯಲ್ಲಿ ಸುತ್ತಲಿನ ರಾಜ್ಯಗಳ ನುಡಿಗಳು. ಅಂಕಿಗಳು ಎಲ್ಲರಿಗೂ ಅರ್ಥವಾಗುತ್ತವೆ, ಅಂಕಿಗಳ ಹಿಂದಿನ ಮಾತು ಅರ್ಥವಾಗಬೇಕಾದರೆ ನುಡಿ ಬೇಕು. ಸವಾರಿ ಮುಗಿದ ಮೇಲೆ ರಸೀದಿ ಕೇಳದೆಯೇ ಸಿಗಲಿ. ಇಂಧನದ ಬೆಲೆ ಏರಿದರೆ ಫಲಕದ ಅಂಕಿಯೂ ಏರಲಿ. ಚಾಲಕನನ್ನು ಹಳೆಯ ದರಕ್ಕೆ ಕಟ್ಟಿಹಾಕಿ ನಾವು ಸುಖವಾಗಿ ಪ್ರಯಾಣ ಮಾಡುವುದೂ ಅನ್ಯಾಯವೇ.

ಫಲಕ ಬರುವವರೆಗೆ ಪ್ರಯಾಣಿಕರಾದ ನಾವು ಮಾಡಬಹುದಾದದ್ದೂ ಇದೆ. ಹೊರಡುವ ಮುನ್ನವೇ ದೂರವೆಷ್ಟು, ಸುಂಕವೆಷ್ಟು ಎಂದು ತಿಳಿದುಕೊಳ್ಳುವುದು. ಗಾಡಿ ಹತ್ತುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಶಾಂತವಾಗಿ ಕೇಳುವುದು: ಒಟ್ಟು ಎಷ್ಟು, ಸುಂಕ ಅದರಲ್ಲಿದೆಯೇ, ಮರಳುವ ಖರ್ಚು ಸೇರಿದೆಯೇ, ಬಾಗಿಲವರೆಗೆ ಬಿಡುತ್ತೀರಾ. ಉತ್ತರವನ್ನು ಅವನೆದುರೇ ಬರೆದುಕೊಳ್ಳುವುದು. ಒಪ್ಪಿದ ಮೇಲೆ ದಾರಿಯಲ್ಲಿ ತಗಾದೆ ತೆಗೆಯದಿರುವುದು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರ ಬಗ್ಗೆ ನಮ್ಮಲ್ಲಿ ಗಾದೆಯೇ ಇದೆ. ಘಾಟು ಏರಿದ ಮೇಲೆ ಬಾಡಿಗೆಯಲ್ಲಿ ನೂರು ರೂಪಾಯಿ ಮುರಿದುಕೊಳ್ಳುವವರೂ ಆ ಸಾಲಿನವರೇ. ಮಧ್ಯರಾತ್ರಿಯಲ್ಲಿ ನಮ್ಮನ್ನು ಸುರಕ್ಷಿತವಾಗಿ ತಲುಪಿಸಿ ಅದೇ ಘಾಟಿನ ಮಂಜಿನಲ್ಲಿ ಒಬ್ಬನೇ ಮರಳುವವನಿಗೆ ಒಂದು ಲೋಟ ಚಹಾ ಕುಡಿಸುವುದು ಯಾವ ದರಪಟ್ಟಿಗೂ ಸೇರದ ನಮ್ಮದೇ ಮರ್ಯಾದೆ.

ಊರಿನವರಿಗೆ ಊರು ಒಳ್ಳೆಯದಾಗಿರುವುದು ಸುಲಭ. ಅವರಿಗೆ ಪರಿಚಯವಿದೆ, ದಾರಿ ಗೊತ್ತಿದೆ, ಕೇಳುವ ಬಾಯಿಯಿದೆ. ಇವು ಯಾವುವೂ ಇಲ್ಲದೆ ರಾತ್ರಿ ಹತ್ತಕ್ಕೆ ಬಂದಿಳಿದವರಿಗೂ ಊರಿನವರಿಗೆ ಇರುವ ಬೆಲೆಯೇ ಇದ್ದರೆ ಆ ಊರು ನ್ಯಾಯವಾದ ಊರು. ಹಾಗೆ ಮಾಡಲು ಬೇಕಾದದ್ದು ಒಂದು ಫಲಕ, ಒಂದು ರಸೀದಿ, ಮರಳುವ ಗಾಡಿಗೊಂದು ಸರದಿ. ಇಷ್ಟನ್ನು ಕೇಳಲು ನಾವು ಪ್ರಯಾಣಿಕರಾಗುವ ದಿನದವರೆಗೆ ಕಾಯಬೇಕಾಗಿಲ್ಲ. ನಮ್ಮ ನಮ್ಮ ಊರಿನ ನಿಲ್ದಾಣದ ಬಾಗಿಲಲ್ಲಿ, ಬರುವವರ ಪರವಾಗಿ, ಇವತ್ತೇ ಕೇಳಬಹುದು.